ಕಾಳಪ್ಪನ ಎಡೆ

ರೇವವ್ವ ರೊಟ್ಟಿ ಬಡಿಯುವಾಗ ನೋಡುವವರ ಕಣ್ಣು ಅವಳ ಕೈ ಮೇಲೆಯೇ ಇರುತ್ತದೆ, ಮುಖದ ಕಡೆ ಹೋಗುವುದಿಲ್ಲ. ಹಿಟ್ಟಿನ ಉಂಡೆ ಹಲಗೆಗೆ ಬಿದ್ದದ್ದೇ ತಡ, ಅಂಗೈಯ ಕೆಳಗೆ ತಿರುಗುತ್ತ ತಿರುಗುತ್ತ ಹರವಿಕೊಳ್ಳುತ್ತದೆ. ಅಂಚು ಹರಿಯುವುದಿಲ್ಲ, ನಡು ದಪ್ಪ ಉಳಿಯುವುದಿಲ್ಲ. ಮುದ್ದೇಬಿಹಾಳದ ಬಸ್ ನಿಲ್ದಾಣದ ಹಿಂದಿನ ಖಾನಾವಳಿಯಲ್ಲಿ ಅವಳ ರೊಟ್ಟಿಗೆ ಸೋತು ತಾಳಿಕೋಟೆ ಬಸ್ಸು ತಪ್ಪಿಸಿಕೊಂಡವರಿದ್ದಾರೆ. ಅವಳ ಎಡಗಡೆಯ ಒಲೆ ಗೌಸಬಿಯದು. ಇಬ್ಬರೂ ಒಂದೇ ಹೊಗೆ ಕುಡಿದು ಒಟ್ಟಿಗೇ ಮುದುಕಿಯರಾಗುತ್ತಿರುವವರು.

ಆ ದಿನ ಮೊದಲು ಬಂದದ್ದು ವಾಸನೆ.

"ರೇವಕ್ಕ, ಏನೋ ಸುಡಾಕತ್ತೈತಿ," ಗೌಸಬಿ ಮೂಗು ಎತ್ತಿದಳು.

"ಹಂಚು ಒರಸೋ ಅರಿಬಿ ಇರಬೇಕು ನೋಡ."

"ಅರಿಬಿ ಅಲ್ಲ, ತೊಗಲು ಸುಟ್ಟಂಗ ನಾರಾಕತ್ತೈತಿ... ಯಾ ಅಲ್ಲಾ! ನಿನ್ನ ಕಾಲು ನೋಡ!"

ರೇವವ್ವ ಬಗ್ಗಿ ನೋಡಿದಳು. ಒಲೆಯಿಂದ ಸಿಡಿದ ಕೆಂಡವೊಂದು ಬಲಗಾಲಿನ ಹೆಬ್ಬೆರಳ ಪಕ್ಕದ ಬೆರಳ ಮೇಲೆ ಕೂತಿತ್ತು, ತನ್ನ ಮನೆಯಲ್ಲಿ ಕೂತಂತೆ. ಕೈಯಿಂದ ಕೊಡವಿದಳು. ಕೈಗೆ ಚುರ್ ಎಂದಿತು. ಕಾಲಿಗೆ ಏನೂ ಆಗಲಿಲ್ಲ. ಅವಳಿಗೆ ಹೆದರಿಕೆಯಾದದ್ದು ಸುಟ್ಟದ್ದಕ್ಕಲ್ಲ. ಆ ಕಾಲು ತನ್ನದಲ್ಲ ಎನ್ನಿಸಿದ್ದಕ್ಕೆ. ಅದು ತನಗಿಂತ ಮೊದಲೇ ಹೊರಟು ಆ ಕಡೆಯ ದಂಡೆಯಲ್ಲಿ ಹೋಗಿ ನಿಂತಂತಿತ್ತು.

ಆ ಕಡೆ ಎಂದರೆ ಕಾಳಪ್ಪ ಇರುವ ಕಡೆ.

ಕಾಳಪ್ಪ ಅವಳ ಗಂಡ, ತಂಗಡಗಿಯ ಕುರಿಗಾರ. ಬದುಕಿನ ಅರ್ಧವನ್ನು ಕೃಷ್ಣೆಯ ದಂಡೆಯ ಹೊಲಗಳಲ್ಲಿ, ಕುರಿಮಂದೆಯ ನಡುವೆ, ಕಂಬಳಿಯ ಕೆಳಗೆ ಕಳೆದವನು. ಸಕ್ಕರೆ ಕಾಯಿಲೆ ಮೈ ಹೊಕ್ಕದ್ದು ಯಾವಾಗಲೋ. ಗೊತ್ತಾದದ್ದು ಕಿಡ್ನಿ ಕೆಟ್ಟ ಮೇಲೆ. ಕುರಿ ಮಾರಿ, ಹೆಂಡತಿ ದುಡಿಯುತ್ತಿದ್ದ ಮುದ್ದೇಬಿಹಾಳಕ್ಕೆ ಬಂದ. ಗೋಡೆಗೆ ಹಚ್ಚಿ ಹಾಸಿದ ಹಾಸಿಗೆಯೇ ಅವನ ಹೊಲವಾಯಿತು. ದೂರದ ದೊಡ್ಡ ದವಾಖಾನೆಯವರು ಉಪ್ಪು ಬೇಡ, ಸಿಹಿ ಬೇಡ, ನೀರು ಅಳೆದು ಕೊಡಿ ಎಂದಿದ್ದರು. ಏನನ್ನು ಕೊಡಬೇಕು ಎಂದು ಕೂತು ಹೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ರೇವವ್ವ ಅವರು ಅಂದದ್ದನ್ನು ಅಂದ ಹಾಗೇ ನಡೆಸಿದಳು.

ಕಡೆಕಡೆಗೆ ಅವನು ಕೇಳಿದ್ದು ಮಾದ್ಲಿ. ಗೋಧಿ ರೊಟ್ಟಿಯನ್ನು ಪುಡಿ ಮಾಡಿ, ಬೆಲ್ಲ, ಏಲಕ್ಕಿ, ಗಸಗಸೆ ಬೆರೆಸಿ, ಉಣ್ಣುವಾಗ ಬಿಸಿ ಹಾಲು, ತುಪ್ಪ ಹಾಕಿ ಕಲಸುವ ಸಿಹಿ.

"ಒಂದ ತುತ್ತು, ರೇವಿ. ಹಾಲಾಗ ಕಲಸಿ ಒಂದ ತುತ್ತು."

"ಆರಾಮ ಆಗ್ರಿ, ಪಾತೇಲಿ ತುಂಬ ಮಾಡ್ತೇನಿ," ಎನ್ನುತ್ತಿದ್ದಳು ರೇವವ್ವ.

"ಒಂದ ತುತ್ತಿಗಿ ಏನಾಗ್ತೈತಿ?"

"ಏನಾಗ್ತೈತಿ ಅಂತ ಡಾಕ್ಟರ್ ಹೇಳ್ಯಾರ. ಸುಮ್ಮನ ಮಕ್ಕೋರಿ."

ಅವನು ಸುಮ್ಮನೆ ಮಲಗಿದ. ಎರಡು ದಿನದ ಮೇಲೆ ಹಾಗೆ ಮಲಗಿದವನು ಏಳಲಿಲ್ಲ.

ಹಿರಿಯರಿಗೆ ಎಡೆ ಹಿಡಿಯುವುದು ಅಮಾವಾಸ್ಯೆಗೆ, ಹಬ್ಬಕ್ಕೆ. ರೇವವ್ವ ದಿನಾ ಹಿಡಿದಳು. ಖಾನಾವಳಿಯಿಂದ ಬಂದು ಕೈಕಾಲು ತೊಳೆದು, ದೀಪ ಹಚ್ಚುವ ಹೊತ್ತಿಗೆ ಕಾಳಪ್ಪನ ಫೋಟೋ ಇದ್ದ ಗೂಡಿನ ಮುಂದೆ ಊಟದ ಗಂಗಾಳ ಇಡುವಳು. ಒಂದು ಹಿಡಿ ಮಾದ್ಲಿ, ಮೇಲೆ ಹಾಲು, ತುಪ್ಪ. ಪಕ್ಕಕ್ಕೆ ಚೆಲ್ಲುವಷ್ಟು ತುಂಬಿದ ತಂಬಿಗೆ ನೀರು. ಆಮೇಲೆ ಹೊರಗೆ ಬಂದು ಬಾಗಿಲನ್ನು ಎಳೆದು ಮುಂದೆ ಮಾಡಿ ಕಟ್ಟೆಯ ಮೇಲೆ ಕೂಡುವಳು. ಹಿರಿಯರು ಉಣ್ಣುವಾಗ ಬದುಕಿದವರು ನೋಡಬಾರದು. ತಂಗಡಗಿಯಲ್ಲಿ ಅವಳ ಅತ್ತೆಯೂ ಹೀಗೆಯೇ ಕೂಡುತ್ತಿದ್ದಳು, ಅತ್ತೆಯ ಅತ್ತೆಯೂ.

ಬೆನ್ನ ಹಿಂದಿನ ಮುಚ್ಚಿದ ಬಾಗಿಲೊಳಗೆ ಗಂಗಾಳ ನೆಲಕ್ಕೆ ಉಜ್ಜಿದ ಸದ್ದು ಬರುತ್ತಿತ್ತು. ಇಲಿ ಇರಬೇಕು ಎಂದು ಮಗಳು ಸುವರ್ಣಾ ಒಮ್ಮೆ ಅಂದಿದ್ದಳು. ಆದರೆ ಇಲಿ ಕೆಮ್ಮುವುದಿಲ್ಲ. ಎದೆಯ ತಳದಿಂದ ಎಳೆದೆಳೆದು ಬರುವ ಆ ಕೆಮ್ಮು ರೇವವ್ವನಿಗೆ ತನ್ನ ಉಸಿರಿನಷ್ಟು ಪರಿಚಯದ್ದು. ಕೆಮ್ಮು ನಿಂತ ಮೇಲೆ, ಎಲ್ಲ ತಣ್ಣಗಾದ ಮೇಲೆ, ಆ ಮಾತು ಬರುತ್ತಿತ್ತು: ಇನ್ನೊಂದ ತುತ್ತು, ರೇವಿ.

ಮರುದಿನ ಅವಳು ಒಂದು ತುತ್ತು ಹೆಚ್ಚಿಗೆ ಇಡುವಳು. ಹೀಗೆ ಎರಡು ವರ್ಷದಲ್ಲಿ ಹಿಡಿ ಮಾದ್ಲಿ ಬೊಗಸೆಯಾಗಿ, ಬೊಗಸೆ ಗಂಗಾಳದ ತುಂಬ ಆಗಿತ್ತು.

ಅಷ್ಟು ಹೊತ್ತು ಕೂತು ಒಳಗೆ ಹೋಗಿ, ದೀಪಕ್ಕೆ ಕೈ ಮುಗಿದು, ಆ ಎಡೆಯನ್ನು ಅವಳು ಉಣ್ಣುವಳು. ಎಡೆಯನ್ನು ಚೆಲ್ಲುವ ಹಾಗಿಲ್ಲ. ಹೊರಗಿನವರಿಗೆ ಕೊಡುವ ಹಾಗೂ ಇಲ್ಲ. ಹೊರಗೆ ಹೋದ ಎಡೆಯ ಬೆನ್ನು ಹತ್ತಿ ಹಿರಿಯರೂ ಹೋಗಿಬಿಡುತ್ತಾರೆ ಎಂದು ಅತ್ತೆ ಹೇಳುತ್ತಿದ್ದಳು. ಆ ಉಣ್ಣುವುದನ್ನು ರೇವವ್ವ ಉಣ್ಣುವುದು ಎಂದುಕೊಂಡಿರಲೇ ಇಲ್ಲ. ಅದು ಅವನ ಊಟ. ತೊಳೆಯುವ ಮೊದಲು ಇವಳು ಗಂಗಾಳ ಬರಿದು ಮಾಡುತ್ತಿದ್ದಳು, ಅಷ್ಟೇ. ತನ್ನ ಊಟಕ್ಕೆ ಆಮೇಲೆ ಮಗಳ ಜೊತೆ ಬೇರೆ ಕೂಡುತ್ತಿದ್ದಳು.

ಸುವರ್ಣಾ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಂಡ ಲಾರಿ ಓಡಿಸುವವನು, ಹೆಚ್ಚು ದಿನ ರಸ್ತೆಯ ಮೇಲೆಯೇ. ಹಾಗಾಗಿ ಅವಳು ತಾಯಿಯ ಜೊತೆಗಿದ್ದಳು. ಕೆಂಡದ ಗಾಯ ವಾರವಾದರೂ ಮಾಯದೆ, ಅಂಚು ಕಪ್ಪಾಗಿ ನೀರು ಜಿನುಗತೊಡಗಿದಾಗ ತಾಯಿಯನ್ನು ಎಳೆದುಕೊಂಡೇ ದವಾಖಾನೆಗೆ ಹೋದಳು. ರಕ್ತ ನೋಡಿದ ಡಾಕ್ಟರು ಇವಳಿಗೂ ಸಕ್ಕರೆ ಕಾಯಿಲೆ ಎಂದು ಹೇಳಿದರು.

"ಸಕ್ಕರಿ ಇಳೀಲಿಲ್ಲಂದ್ರ ಗಾಯ ಮಾಯಂಗಿಲ್ಲ. ಮೊದಲ ಬೆರಳು ತೆಗೀಬೇಕಾಗ್ತೈತಿ, ಆಮ್ಯಾಲ ಪಾದ," ಎಂದರು. ಗುಳಿಗೆ ಬರೆದರು, ಗಾಯಕ್ಕೆ ಪಟ್ಟಿ ಕಟ್ಟಿಸಿದರು. "ಬಾಜೂ ಖೋಲ್ಯಾಗ ಶನಿವಾರ ವಸುಧಾ ಮೇಡಂ ಬರ್ತಾರ. ಊಟದ್ದು ಅವರ ಹತ್ರ ಮಾತಾಡ್ರಿ."

ಆ ಸುದ್ದಿ ಕೇಳಿ ಗೌಸಬಿ ಹಿಟ್ಟಿನ ಕೈಯಲ್ಲೇ ಹಣೆ ಬಡಿದುಕೊಂಡಿದ್ದಳು. "ಊಟಕ್ಕೂ ಡಾಕ್ಟರ್ ಬಂದ್ರೇನ? ಇನ್ನ ನಿದ್ದಿಗೊಬ್ಬರು, ಬೈಗಳಕ್ಕೊಬ್ಬರು ಬರ್ತಾರ. ಬೈಗಳದ ಕೆಲಸಕ್ಕ ನನ್ನ ಹೆಸರು ಹೇಳ."

ವಸುಧಾ ಇಂಡಿ ಊರಿನವಳು, ಮೇಷ್ಟರ ಮಗಳು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಸೋಮವಾರ ಇಂಡಿ, ನಡುವೆ ಸಿಂದಗಿ, ಬಸವನ ಬಾಗೇವಾಡಿ, ಶನಿವಾರ ಮುದ್ದೇಬಿಹಾಳ, ಹೀಗೆ ಬಸ್ಸಿನಲ್ಲೇ ವಾರ ಕಳೆಯುವವಳು. ಬಾಗಿಲ ಮೇಲೆ ನೋಂದಾಯಿತ ಆಹಾರ ತಜ್ಞೆ ಎಂದು ಬರೆದಿತ್ತು. ರೇವವ್ವ ಬಾಗಿಲಲ್ಲೇ ನಿಂತಳು. ಇದೇ ತರಹದ ಇನ್ನೊಂದು ಕೋಣೆ, ಅಲ್ಲಿ ಬೇಡ ಬೇಡ ಬೇಡ ಎಂದು ಹೇಳಿಸಿಕೊಂಡು ಬಂದದ್ದು ಅವಳ ಕಿವಿಯಲ್ಲಿತ್ತು.

"ಬರ್ರಿ, ಕೂಡ್ರಿ. ಕಾಲು ಈ ಸ್ಟೂಲಿನ ಮ್ಯಾಲ ಇಡ್ರಿ," ಎಂದಳು ವಸುಧಾ.

"ಏನೇನ ಬಿಡಬೇಕ್ರಿ ಬಾಯಾರ? ಒಮ್ಮೆಲೆ ಹೇಳಿಬಿಡ್ರಿ." ಓದಿದ ಹೆಂಗಸರೆಲ್ಲ ರೇವವ್ವನಿಗೆ ಬಾಯಾರು; ಮೇಡಂ ಎನ್ನಲು ಅವಳಿಗೆ ಬಾಯಿ ತಿರುಗದು.

"ಬಿಡೋದು ಹಿಂದಾಗಡೆ ನೋಡೋಣ. ಮೊದಲ ನೀವು ಏನ ಉಣ್ತೀರಿ ಹೇಳ್ರಿ. ನಿನ್ನಿ ಎದ್ದಾಗಿಂದ ಮಕ್ಕೊಳ್ಳೋತನಕ."

ರೇವವ್ವನಿಗೆ ಆಶ್ಚರ್ಯವಾಯಿತು. ಊರಿನವರಿಗೆಲ್ಲ ರೊಟ್ಟಿ ಬಡಿದವಳನ್ನು ನೀನು ಏನು ಉಣ್ಣುತ್ತಿ ಎಂದು ಯಾರೂ ಕೇಳಿರಲಿಲ್ಲ.

"ಎದ್ದು ಚಾ ಕುಡದ್ನಿರಿ."

"ಸಕ್ಕರಿ ಹಾಕಿ?"

"ಛೇ ಛೇ, ಸಕ್ಕರಿ ಮುಟ್ಟಂಗಿಲ್ಲ. ಬೆಲ್ಲಾ ಹಾಕ್ತೇನಿ."

ಸುವರ್ಣಾ ಮುಖ ಆ ಕಡೆ ತಿರುಗಿಸಿದಳು. ವಸುಧಾ ನಕ್ಕಳು. "ಬೆಲ್ಲ ಸಕ್ಕರಿ ತಂಗಿ ಅಲ್ಲೇನ್ರಿ?"

"ಅಕ್ಕ ಇರಬೇಕ್ರಿ. ಮೊದಲ ಹುಟ್ಟಿದ್ದು ಅದ."

ಹೀಗೆ ಮಾತು ನಡೆಯಿತು. ಗಿರಾಕಿಗಳ ಗದ್ದಲದಲ್ಲಿ ಮಧ್ಯಾಹ್ನದ ಊಟ ಇಳಿಹೊತ್ತಿಗೆ ಹೋಗುತ್ತದೆ, ಆಗ ಉಳಿದ ಅನ್ನವನ್ನೇ ನಿಂತುಕೊಂಡು ಉಣ್ಣುತ್ತಾಳೆ, ಸಾವಿರ ರೊಟ್ಟಿ ಬಡಿದವಳಿಗೆ ರೊಟ್ಟಿ ಕಂಡರೆ ಬೇಸರ, ಎಲ್ಲ ಹೊರಗೆ ಬಂತು. ವಸುಧಾ ಅವಳ ದಿನವನ್ನೇ ಬಿಚ್ಚಿ ಮತ್ತೆ ಮಡಚಿದಳು. ಗದ್ದಲ ಶುರುವಾಗುವ ಮೊದಲೇ ಕೂತು ಉಣ್ಣುವುದು. ಎರಡು ಜೋಳದ ರೊಟ್ಟಿ, ತಾನೇ ಬಡಿದ ತೆಳು ರೊಟ್ಟಿ; ಅದರ ಜೊತೆ ಪಲ್ಯ ಹೆಚ್ಚು, ಹೆಸರುಕಾಳೋ ಮಡಿಕೆಕಾಳೋ ಒಂದು ಬಟ್ಟಲು, ಮಜ್ಜಿಗೆ. ಗುಳಿಗೆಗೂ ಊಟಕ್ಕೂ ಹೊತ್ತು ಕೂಡಿಸಿದಳು. ಚಹಾದಿಂದ ಬೆಲ್ಲ ಹೊರಗೆ ಹೋಯಿತು.

"ರೊಟ್ಟಿ ಬಿಡ್ರಿ ಅಂದ್ರ ನೀವು ನನ್ನ ಬಿಟ್ಟು ಹೋಗ್ತೀರಿ. ಇದು ನಿಮ್ಮ ಸಲುವಾಗಿ ಮಾಡಿದ್ದು. ಬಾಜೂಮನಿಯವರಿಗೆ ಹೇಳಬ್ಯಾಡ್ರಿ, ಅವರ ಮೈ ಬ್ಯಾರೆ," ಎಂದಳು ವಸುಧಾ.

ರೇವವ್ವ ಹಗುರಾಗಿ ಹೊರಗೆ ಬಂದಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡಿದಳು. ಅದು ಅವಳ ಗುಣ. ಆದರೆ ಮುಂದಿನ ಶನಿವಾರ ರಕ್ತದ ಸಕ್ಕರೆ ಇಳಿದಿರಲಿಲ್ಲ. ಅದರ ಮುಂದಿನ ಶನಿವಾರವೂ ಅಷ್ಟೇ. ಡಾಕ್ಟರು ಗುಳಿಗೆ ಹೆಚ್ಚಿಸಿದರು. ಬೆರಳಿನ ಕಪ್ಪು ಬುಡದ ಕಡೆಗೆ ಇಳಿಯುತ್ತಿತ್ತು. ಇನ್ನು ಸ್ವಲ್ಪ ದಿನ ನೋಡಿ ಬೆರಳು ತೆಗೆಯಬೇಕು, ಇದೇ ಸಕ್ಕರೆಯಲ್ಲಿ ತೆಗೆದರೆ ಆ ಗಾಯವೂ ಮಾಯುವುದಿಲ್ಲ, ಆಗ ಪಾದ ಕೈಬಿಟ್ಟ ಹಾಗೇ ಎಂದರು.

ಸುವರ್ಣಾ ಮನೆಯಲ್ಲಿ ಪೊಲೀಸಿನವಳಾದಳು. ಸಕ್ಕರೆ, ಬೆಲ್ಲದ ಡಬ್ಬಿಗಳು ಅಟ್ಟ ಏರಿದವು. ಬಾಳೆಹಣ್ಣು ಮನೆಯೊಳಗೆ ಬರುವುದು ನಿಂತಿತು. ಗೂಡಿನ ಕೆಳಗಿದ್ದ ಮಾದ್ಲಿಯ ಡಬ್ಬಿಯ ಹತ್ತಿರ ಮಾತ್ರ ಅವಳ ಕೈ ಹೋಗಲಿಲ್ಲ. ಅದು ಅಪ್ಪನದು. ಅದರಲ್ಲಿ ಅವ್ವನ ಸಕ್ಕರೆ ಇರಬಹುದು ಎಂದು ಅವಳಿಗೂ ಹೊಳೆಯಲಿಲ್ಲ.

ಆ ವಾರ ಒಳಗಿನ ಮಾತು ಇನ್ನೂ ಹತ್ತಿರದಿಂದ ಕೇಳಿಸಿತು. ಬಾಗಿಲಿಗೇ ಬಾಯಿ ಹಚ್ಚಿ ಕೇಳಿದಂತೆ. ಇನ್ನೊಂದ ತುತ್ತು. ಕಟ್ಟೆಯ ಮೇಲೆ ಕೂತ ರೇವವ್ವ ಪಟ್ಟಿ ಕಟ್ಟಿದ ಕಾಲನ್ನು ನೋಡಿಕೊಂಡಳು. ಇವನು ಕರೆಯುತ್ತಿರುವುದು ಮಾದ್ಲಿಗೋ, ನನಗೋ ಎಂದು ಒಂದು ಗಳಿಗೆ ಅನ್ನಿಸಿತು. ಮೈ ಮೇಲೆ ಸೆರಗು ಬಿಗಿಯಾಗಿ ಹೊದ್ದುಕೊಂಡಳು.

ಆ ಶನಿವಾರ ವಸುಧಾಳ ಕೋಣೆಯಲ್ಲಿ ಸುವರ್ಣಾಳ ತಾಳ್ಮೆ ಹರಿಯಿತು.

"ಈಕಿ ಕದ್ದು ತಿನ್ನಾಕತ್ತಾಳ್ರಿ ಮೇಡಂ. ಇಲ್ಲಂದ್ರ ಸಕ್ಕರಿ ಎಲ್ಲಿಂದ ಬರ್ತೈತಿ, ಗಾಳ್ಯಾಗಿಂದ? ಯವ್ವಾ, ಖರೆ ಹೇಳು. ಖಾನಾವಳ್ಯಾಗ ಏನ ಬಾಯಿಗಿ ಹಾಕ್ಕೊಂತಿ?"

"ಗೌಸಬೀನ ಕೇಳು ಹೋಗ. ಬಾಜೂಕ ಕೂತಿರ್ತಾಳ."

"ಆಕಿ ನಿನ್ನ ಕಡಿನ ಮಾತಾಡ್ತಾಳ. ಇಬ್ಬರೂ ಕೂಡೇ ತಿಂತೀರಿ."

"ನಾಲಿಗಿ ಬಿಗಿ ಹಿಡಿ. ನಿನ್ನ ಹಡದಾಕಿ ನಾ, ಕಳ್ಳಿ ಅಲ್ಲ." ರೇವವ್ವ ವಸುಧಾಳ ಕಡೆ ತಿರುಗಿದಳು. "ಬಾಯಾರ, ದಿನಾ ಸಂಜಿಕಿ ನಮ್ಮ ಮನ್ಯಾಗಿನವರಿಗೆ ಎಡಿ ಹಿಡೀತೇನಿ. ಆ ಎಡಿ ಮ್ಯಾಲ ಆಣಿ ಮಾಡಿ ಹೇಳ್ತೇನಿ. ನೀವು ಹೇಳಿದ ಮ್ಯಾಲ ನಾ ಒಂದ ಹಳಕು ಬೆಲ್ಲ ಬಾಯಿಗಿ ಹಾಕಿಲ್ಲ."

ವಸುಧಾ ಬರೆಯುತ್ತಿದ್ದ ಕೈ ನಿಲ್ಲಿಸಿದಳು.

"ಏನ ಇಡ್ತೀರಿ ಎಡ್ಯಾಗ?"

"ಮಾದ್ಲಿ. ಹಾಲು, ತುಪ್ಪ."

"ಎಡಿ ಆದ ಮ್ಯಾಲ ಅದನ್ನ ಯಾರು ಉಣ್ತಾರ್ರಿ?"

"ಯಾರು ಉಣ್ತಾರ? ನಾನ. ಎಡಿ ಚೆಲ್ಲಾಕ ಬರ್ತೈತೇನ್ರಿ?"

ಸುವರ್ಣಾ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಎಷ್ಟ ಇಡ್ತೀರಿ?" ವಸುಧಾಳ ಧ್ವನಿಯಲ್ಲಿ ನಗೆ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಗಂಗಾಳ ತುಂಬ್ರಿ. ದಿನಾ ಹೆಚ್ಚಿಗಿ ಕೇಳ್ತಾರ." ಹೇಳಿದ ಮೇಲೆ ರೇವವ್ವ ಇಬ್ಬರ ಮುಖವನ್ನೂ ನೋಡಿದಳು. "ಅದು ನನ್ನ ಊಟ ಅಲ್ರಿ ಬಾಯಾರ. ಅವರದು."

"ಹೌದ್ರಿ, ಅವರದ. ಅವರು ಉಂಡ ಮ್ಯಾಲ ಗಂಗಾಳದಾಗ ಕಡಿಮಿ ಆಗಿರ್ತೈತೇನ್ರಿ?"

"ಕಡಿಮಿ ಹೆಂಗ ಆಗ್ತೈತಿ? ಹಿರ್ಯಾರು ವಾಸನಿ ಉಣ್ತಾರ."

"ಹಂಗಾರ ವಾಸನಿ ಅವರಿಗೆ ಹೋಗ್ತೈತಿ, ಬೆಲ್ಲ ನಿಮಗ ಬರ್ತೈತಿ."

ರೇವವ್ವ ಪಟ್ಟಿ ಕಟ್ಟಿದ ಕಾಲನ್ನು ನೋಡಿದಳು. ಆ ಲೆಕ್ಕ ಅವಳೊಳಗೆ ನಿಧಾನವಾಗಿ ಇಳಿಯಿತು. ಬಾವಿಗೆ ಬಿಟ್ಟ ಕೊಡ ನೀರು ಮುಟ್ಟುವುದನ್ನು ಹಗ್ಗ ಹಿಡಿದ ಕೈ ಅರಿಯುವ ಹಾಗೆ. ಆದರೆ ಅವಳು ಕೇಳಿದ್ದು ಕಾಲಿನ ಮಾತಲ್ಲ.

"ಕಡೀಕ ಒಂದ ತುತ್ತು ಕೇಳಿದ್ರು. ನಾ ಕೊಡಲಿಲ್ಲ. ನೀವು ಊಟದ್ದ ಓದಿದವರು, ಹೇಳ್ರಿ. ಕೊಟ್ಟಿದ್ರ ಅವರು ಸಾಯ್ತಿದ್ರೇನು?"

ವಸುಧಾ ಕಿಟಕಿಯ ಕಡೆ ನೋಡಿದಳು. ಸುಳ್ಳು ಹೇಳುವುದು ಸುಲಭವಿತ್ತು. ರೇವವ್ವನಿಗೂ ಅದು ಕಾಣಿಸಿತು, ಹೌದು, ಕೊಡದಿದ್ದದ್ದೇ ಸರಿ ಎಂದುಬಿಟ್ಟರೂ ನಡೆಯುತ್ತಿತ್ತು.

"ಆ ಹೊತ್ತಿನ್ಯಾಗ ಒಂದ ತುತ್ತು ಅವರನ್ನ ಕೊಲ್ತಿದ್ದಿಲ್ಲ, ರೇವವ್ವಾರ. ಉಳಸ್ತಿದ್ದೂ ಇಲ್ಲ."

"ಹಂಗಾರ ಕೊಡಬಹುದಿತ್ತು."

"ಕೊಡಬಹುದಿತ್ತು. ಅದನ್ನ ನಿಮಗ ಯಾರರ ಕೂತು ಹೇಳಬೇಕಿತ್ತು. ಹೇಳಲಿಲ್ಲ."

ರೇವವ್ವ ಅಳಲಿಲ್ಲ. ತಲೆ ಆಡಿಸಿದಳು. ಯಾರಾದರೂ ಈ ಮಾತು ಹೇಳಲಿ ಎಂದೇ ಕಾದಿದ್ದಳೋ, ಯಾರೂ ಹೇಳದಿರಲಿ ಎಂದು ಕಾದಿದ್ದಳೋ ಅವಳಿಗೇ ತಿಳಿಯಲಿಲ್ಲ.

"ಇನ್ನ ಆ ಎಡೀನ ಆಕಳಿಗೆ ಕೊಡು, ಸಾಕು," ಎಂದಳು ಸುವರ್ಣಾ ಕಣ್ಣೊರೆಸಿಕೊಳ್ಳುತ್ತ.

"ಎಡಿ ಹೊರಗ ಹೋದ್ರ ಅವರೂ ಅದರ ಹಿಂದ ಹೋಗ್ತಾರ."

"ಹೋಗಲಿ ಬಿಡು! ಸತ್ತವರ ಸಲುವಾಗಿ ಕಾಲು ಕೊಡ್ತೀ ಏನ?"

"ಒಂದ ತುತ್ತ ಕೊಟ್ಟಿಲ್ಲ. ಕಾಲರ ಕೊಡ್ತೇನಿ."

ಸುವರ್ಣಾ ಎದ್ದು ಹೊರಗೆ ಹೋಗಿಬಿಟ್ಟಳು. ವರಾಂಡದಲ್ಲಿ ಅವಳ ಬಿಕ್ಕು ಕೇಳಿಸುತ್ತಿತ್ತು. ವಸುಧಾ ಮೇಜಿನ ಖಾನೆಯಿಂದ ಹೊಸ ಹಾಳೆಯೊಂದನ್ನು ತೆಗೆದಳು.

"ನಿಮ್ಮ ಯಜಮಾನರ ಹೆಸರೇನ್ರಿ?"

"ಫೋಟೋ ಮುಂದ ಅನ್ನಾಕ ನಾಚಿಗಿ. ಇಲ್ಲಿ ಅಂತೇನಿ. ಕಾಳಪ್ಪ."

"ಕಾಳಪ್ಪನವರು ಗಟ್ಟಿಮುಟ್ಟ ಇದ್ದಾಗ ಏನ ಉಣ್ತಿದ್ರು? ಎದ್ದಾಗಿಂದ ಮಕ್ಕೊಳ್ಳೋತನಕ ಹೇಳ್ರಿ."

ರೇವವ್ವ ಅವಳ ಮುಖ ನೋಡಿದಳು. ಚೇಷ್ಟೆ ಇರಲಿಲ್ಲ. ತನ್ನನ್ನು ಕೇಳಿದ ಹಾಗೆಯೇ ಅವನನ್ನೂ ಕೇಳುತ್ತಿದ್ದಳು, ಪಕ್ಕದ ಕುರ್ಚಿಯಲ್ಲಿ ಕಂಬಳಿ ಹೆಗಲಿಗೆ ಹಾಕಿ ಕೂತವನನ್ನು ಕೇಳಿದಂತೆ.

"ಎದ್ದ ಕೂಡಲೆ ಹಾಲು ಕುಡೀತಿದ್ರು, ಆಗ ಕರದದ್ದು. ಸಕ್ಕರಿ ಇಲ್ಲ, ಏನಿಲ್ಲ. ಆಮ್ಯಾಲ ಬುತ್ತಿ ಕಟ್ಟಿಸ್ಕೊಂಡು ಕುರಿ ಹಿಂದ ಹೋಗೋರು."

"ಬುತ್ತ್ಯಾಗ?"

"ಖಡಕ್ ರೊಟ್ಟಿ. ಗುರೆಳ್ಳು, ಖಾರ ಕುಟ್ಟಿದ ಹಿಂಡಿ. ಒಂದ ಉಳ್ಳಾಗಡ್ಡಿ. ಅದನ್ನ ಹೆಚ್ಚಿದ್ರ ಉಣ್ತಿರಲಿಲ್ಲ, ಕಲ್ಲಿನ ಮ್ಯಾಲ ಇಟ್ಟು ಮುಷ್ಟೀಲೆ ಗುದ್ದಿ ಒಡೀಬೇಕು." ರೇವವ್ವನ ತುಟಿಯಂಚಿನಲ್ಲಿ ಏನೋ ಮಿಸುಕಿತು. "ಮಜ್ಜಿಗಿ ಕೊಟ್ರ ತಂಬಿಗಿ ಎತ್ತಿ ಒಂದ ಉಸರಿಗೆ ಕುಡಿಯೋರು. ಮೀಸಿ ಬೆಳ್ಳಗಾಗ್ತಿತ್ತು."

"ಸಿಹಿ?"

"ಸಿಹಿ ಎಲ್ಲೀದ್ರಿ? ಲಗ್ನದಾಗ ಹೋಳಿಗಿ ಬಡಿಸಿದ್ರ ಯಾರೂ ನೋಡದಂಗ ನನ್ನ ಎಲಿಗಿ ಸರಸ್ತಿದ್ರು. ಸಿಹಿ ತಿಂದ್ರ ಹಲ್ಲು ಜುಂ ಅಂತಾವ ಅಂತಿದ್ರು."

"ಮಾದ್ಲಿ?"

"ಮಾದ್ಲಿ..." ರೇವವ್ವ ಅಲ್ಲಿಗೆ ನಿಂತಳು. "ಮಾದ್ಲಿ ಜಡ್ಡಾದ ಮ್ಯಾಲ ಕೇಳಿದ್ದು. ಅದಕ್ಕೂ ಮೊದಲ ಎಂದೂ ಕೇಳಿದ್ದಿಲ್ಲ."

ವಸುಧಾ ಬರೆಯುವುದನ್ನು ಮುಗಿಸಿ ಪೆನ್ನಿನ ಟೊಪ್ಪಿಗೆ ಹಾಕಿದಳು.

"ಇದು ಕಾಳಪ್ಪನವರ ಗಂಗಾಳ. ರೊಟ್ಟಿ, ಹಿಂಡಿ, ಉಳ್ಳಾಗಡ್ಡಿ, ಮಜ್ಜಿಗಿ. ಇದರ ಸಂಗಾಟ ಒಂದಿಷ್ಟು ಪಲ್ಯ ಇಡ್ರಿ. ಇದು ನಿಮಗ ನಡೀತೈತಿ. ಎಡಿ ಬಿಡ್ರಿ ಅಂತ ನಾ ಅನ್ನಂಗಿಲ್ಲ. ಅವರು ಮೊದಲ, ನೀವು ಆಮ್ಯಾಲ. ಒಂದ ಗಂಗಾಳ. ಅದು ಬಿಟ್ಟು ಸಂಜಿಕಿ ನಿಮಗ ಬ್ಯಾರೆ ಊಟ ಇಲ್ಲ."

ಆ ಸಂಜೆ ರೇವವ್ವ ಮಾದ್ಲಿಯ ಡಬ್ಬಿ ತೆಗೆದು ಗೌಸಬಿಯ ಮೊಮ್ಮಕ್ಕಳಿಗೆ ಕೊಟ್ಟು ಬಂದಳು. ಎಡೆಗೆ ಇಡದ ಮಾದ್ಲಿ ಬರೀ ಮಾದ್ಲಿ; ಅದರ ಹಿಂದೆ ಯಾರೂ ಹೋಗುವುದಿಲ್ಲ. ಗಂಗಾಳದಲ್ಲಿ ಖಡಕ್ ರೊಟ್ಟಿ ಇಟ್ಟಳು. ಉಳ್ಳಾಗಡ್ಡಿಯನ್ನು ಗುದ್ದಿ ಒಡೆದಳು. ಹೊರಗೆ ಬಂದು, ಬಾಗಿಲು ಮುಂದೆ ಮಾಡಿ, ಕಟ್ಟೆಯ ಮೇಲೆ ಕೂತಳು. ಓಣಿಯಲ್ಲಿ ದೀಪಗಳು ಹತ್ತುತ್ತಿದ್ದವು. ಯಾರದೋ ಮನೆಯಲ್ಲಿ ಒಗ್ಗರಣೆ ಸಿಡಿಯಿತು.

ಒಳಗೆ ಗಂಗಾಳ ಸರಿದ ಸದ್ದಾಗಲಿಲ್ಲ. ಕೆಮ್ಮು ಬಂತು. ಆಮೇಲೆ ಬಾಗಿಲ ಸಂದಿಯಿಂದ ಆ ಧ್ವನಿ.

"ರೇವಿ. ಮಾದ್ಲಿ?"

ಅವಳು ಒಮ್ಮೆ ಇಲ್ಲ ಅಂದದ್ದನ್ನೇ ಎರಡು ವರ್ಷ ಹೊತ್ತಿದ್ದಳು. ಈಗ ಅದೇ ಮಾತನ್ನು ಮತ್ತೆ ಹೇಳಬೇಕಿತ್ತು, ಅದೂ ಸತ್ತವನಿಗೆ. ಬದುಕಿದ್ದವನಿಗೆ ನಾಳೆ ಎಂದಾದರೂ ಹೇಳಬಹುದಿತ್ತು. ಎದ್ದು ಹೋಗಿ ಗೌಸಬಿಯ ಮನೆಯಿಂದ ಡಬ್ಬಿ ತಂದುಬಿಡೋಣ ಎನ್ನಿಸಿತು. ಎದ್ದಳು. ಪಟ್ಟಿಯ ಕಾಲು ನೆಲಕ್ಕೆ ಊರಿತು, ನೆಲ ತಿಳಿಯಲಿಲ್ಲ. ಅಲ್ಲಿಯೇ ಬಾಗಿಲಿಗೆ ಅಂಗೈ ಹಚ್ಚಿ ನಿಂತಳು.

"ಇಲ್ಲ," ಎಂದಳು. "ಇವತ್ತ ರೊಟ್ಟಿ ಐತಿ."

"ಒಂದ ತುತ್ತು."

"ಕೊಡಬೇಕಿತ್ತು. ಆವಾಗ ಕೊಡಬೇಕಿತ್ತು, ಕೊಡಲಿಲ್ಲ. ಈಗ ಕೊಟ್ರ ಅದು ನಿಮಗ ಮುಟ್ಟವಲ್ದು, ನನಗ ಮುಟ್ಟಾಕತ್ತೈತಿ. ರೊಟ್ಟಿ ಉಣ್ರಿ."

ಅವಳು ಬಾಗಿಲಿಗೆ ಹಣೆ ಹಚ್ಚಿ ಅತ್ತಳು, ಸೆರಗಿನಲ್ಲಿ ಸದ್ದು ಅಡಗಿಸಿ, ಅವನು ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು. ಆಮೇಲೆ ಒಳಗೆ ಹೋಗಿ ಗಂಗಾಳದ ಮುಂದೆ ಕೂತಳು. ರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದಿ ಉಂಡಳು.

ಮರುದಿನವೂ ಆ ಧ್ವನಿ ಕೇಳಿತು, ಅವಳು ಇಲ್ಲ ಎಂದಳು. ದಿನ ಕಳೆದ ಹಾಗೆ ಅದು ತೆಳ್ಳಗಾಯಿತು, ಗೋಡೆಯ ಆಚೆಯಿಂದ ಬಂದಂತೆ, ಓಣಿಯ ಆಚೆಯಿಂದ ಬಂದಂತೆ. ಒಂದು ಸಂಜೆ ಬರಲಿಲ್ಲ. ಕೆಮ್ಮೂ ಇಲ್ಲ. ಅವಳು ಕಿವಿಗೊಟ್ಟು ಕೂತೇ ಇದ್ದಳು. ಸುವರ್ಣಾ ಅಂಗಡಿಯಿಂದ ಬಂದು ಎಬ್ಬಿಸಬೇಕಾಯಿತು.

ಸಕ್ಕರೆ ಇಳಿಯತೊಡಗಿತು. ಆ ಬೆರಳು ಉಳಿಯಲಿಲ್ಲ, ಅದನ್ನು ತೆಗೆದರು. ತೆಗೆದ ಗಾಯ ಮಾತ್ರ ಮೆಲ್ಲಮೆಲ್ಲಗೆ ಕೂಡಿಕೊಂಡಿತು, ತಿಳಿಗುಲಾಬಿ ತೊಗಲು ಬಂತು. ಪಾದ ಉಳಿಯಿತು. ಡಾಕ್ಟರು ಬೆನ್ನು ತಟ್ಟಿದರು. ಗೌಸಬಿ, "ಒಂಬತ್ತ ಬೆರಳಿನ ರೇವಕ್ಕ" ಎಂದು ಹೊಸ ಹೆಸರಿಟ್ಟು ಎರಡು ದಿನ ಬೈಗಳ ತಿಂದಳು. ಪಕ್ಕದ ಕೋಣೆಯಲ್ಲಿ ವಸುಧಾಳ ಎದುರು ಕೂತಾಗ ಮಾತ್ರ ರೇವವ್ವ ನಿಜ ಹೇಳಿದಳು.

"ಕಾಲು ಉಳೀತು ಬಾಯಾರ. ಅವರು ಬರವಲ್ಲರು. ಮನಿ ಖಾಲಿ ಖಾಲಿ ಹೊಡೀತೈತಿ."

ವಸುಧಾ ಮೇಜಿನ ಮೇಲಿದ್ದ ರೇವವ್ವನ ಒರಟು ಕೈಯ ಮೇಲೆ ಕೈ ಇಟ್ಟಳು. ಹೊರಗೆ ಮುಂದಿನ ಹೆಸರು ಕೂಗಿದ ಮೇಲೂ ತೆಗೆಯಲಿಲ್ಲ.

ರೇವವ್ವ ಎಡೆ ಬಿಡಲಿಲ್ಲ. ದಿನಾ ಇಟ್ಟಳು, ದಿನಾ ಬಾಗಿಲು ಮುಂದೆ ಮಾಡಿ ಕೂತಳು. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಒಂದು ಸಂಜೆ ಒಳಗಿಂದ ಕಟ್ ಎಂದು ಸದ್ದಾಯಿತು.

ಖಡಕ್ ರೊಟ್ಟಿ ಮುರಿದ ಸದ್ದು. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ. ಕೆಮ್ಮಿಲ್ಲ. ಬೇಡುವ ಧ್ವನಿ ಇಲ್ಲ. ಗಟ್ಟಿ ಹಲ್ಲುಗಳು ಅವಸರವಿಲ್ಲದೆ ಅಗಿಯುತ್ತಿದ್ದವು. ಒಳಗಿದ್ದವನು ಅವಳು ತಿಂಗಳುಗಟ್ಟಲೆ ಮೈ ತೊಳೆದು, ಹೊರಳಿಸಿ, ಅಳೆದು ನೀರು ಕುಡಿಸಿದವನಲ್ಲ. ಕೃಷ್ಣೆಯ ಆ ದಂಡೆಯಿಂದ ಎಷ್ಟೋ ದಿನದ ಮೇಲೆ ಮನೆಗೆ ಬಂದು, ಮಾತಾಡದೆ ಉಂಡು, ಕಂಬಳಿ ಹೊದೆದು ಮಲಗುತ್ತಿದ್ದ ಹರೆಯದ ಕುರಿಗಾರ. ಅವನನ್ನು ಅವಳು ಮರೆತೇ ಬಿಟ್ಟಿದ್ದಳು. ಅವನಿಗೆ ಈ ಮನೆ ಹೇಗೆ ಗೊತ್ತು, ಈ ಮುದುಕಿ ಯಾರೆಂದು ಗೊತ್ತೇ? ಹೆದರಿಕೆಯೋ ನಾಚಿಕೆಯೋ, ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಒಳಗೆ ಹೋಗುವಷ್ಟರಲ್ಲಿ ಏನೂ ಇರಲಿಲ್ಲ. ರೊಟ್ಟಿ ಎರಡು ತುಂಡಾಗಿತ್ತು. ತಾನೇ ಇಡುವಾಗ ಮುರಿದಿತ್ತೋ ಏನೋ.

ಮರುದಿನ ಸದ್ದಿಲ್ಲ. ಅದರ ಮರುದಿನವೂ ಇಲ್ಲ. ಮೊದಲಾಗಿದ್ದರೆ ಅವಳು ಕುದಿಯುತ್ತಿದ್ದಳು. ಈಗ ಕಟ್ಟೆಯ ಮೇಲೆ ಕೂತು ಓಣಿಯನ್ನು ನೋಡುತ್ತಾಳೆ. ಹೊಸ ಸೊಸೆಯಾಗಿ ತಂಗಡಗಿಯ ಮನೆಗೆ ಬಂದಾಗಲೂ ಹೀಗೇ ಕೂತಿದ್ದವಳು. ಕುರಿಗಾರನ ಹೆಂಡತಿ ದಿನಾ ಗಂಡನ ಹಾದಿ ಕಾಯುತ್ತ ಕೂತರೆ ಬಾಳುವೆ ನಡೆಯುವುದಿಲ್ಲ. ಬೆನ್ನ ಹಿಂದೆ ಬಾಗಿಲು ಮುಚ್ಚಿರುತ್ತದೆ. ಬಹಳ ಸಂಜೆಗಳಲ್ಲಿ ಒಳಗೆ ಏನೂ ಇರುವುದಿಲ್ಲ.

"ಕುರಿ ಹಿಂದ ದೂರ ಹೋಗಿರಬೇಕು," ಎಂದುಕೊಂಡು ಎದ್ದು ಬಾಗಿಲು ತೆಗೆಯುತ್ತಾಳೆ. ಗಂಗಾಳದ ಮುಂದೆ ಕೂಡುತ್ತಾಳೆ. ಹಸಿವಾಗಿರುತ್ತದೆ, ಅವಳದೇ ಹಸಿವು. ರೊಟ್ಟಿ ಮುರಿಯುತ್ತಾಳೆ.